ಮೊದಲು ಕೂತು ನೋಡುವ ಸೀಮೆಸುಣ್ಣದಕ್ಕ

ಬೆಳಗಿನ ಐದು ಗಂಟೆ ಇಪ್ಪತ್ತು ನಿಮಿಷ. ಮೂರನೇ ಮಹಡಿಯ ಪುಟ್ಟ ಮನೆಯ ಮಲಗುವ ಕೋಣೆಯಲ್ಲಿ ಸೀಮೆಸುಣ್ಣದಕ್ಕ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಾರೆ. ಡ್ರಿಲ್, ಸ್ಕ್ರೂ, ತಂತಿ ತುಂಬಿದ ಅವರ ಒಂಬತ್ತು ಕಿಲೋ ಚೀಲ ಬಾಗಿಲ ಹೊರಗೇ ಇದೆ. ಕೈಯಲ್ಲಿರುವುದು ಒಂದು ತುಂಡು ಸೀಮೆಸುಣ್ಣ ಮಾತ್ರ. ಮನೆಯೊಡತಿಗೆ ಎಂಬತ್ತೆರಡು ವರ್ಷ. ಟೆಲಿಫೋನ್ ಕಚೇರಿಯಲ್ಲಿ ಮೂವತ್ತಾರು ವರ್ಷ ಊರಿನವರ ಕರೆಗಳನ್ನು ಜೋಡಿಸಿದವರಾದ್ದರಿಂದ ಈಗಲೂ ಎಲ್ಲರಿಗೂ ಆಪರೇಟರಮ್ಮ. ಮಂಚದಿಂದ ಕಾಲು ಇಳಿಬಿಟ್ಟುಕೊಂಡು ನಮ್ಮಿಬ್ಬರನ್ನೂ ಗುರಾಯಿಸುತ್ತಿದ್ದಾರೆ. ಸೀಮೆಸುಣ್ಣದಕ್ಕನ ಬಗ್ಗೆ ಬರೆಯಲೆಂದು ಜೊತೆಗೆ ಬಂದ, ಇಷ್ಟು ಬೇಗ ಎದ್ದು ಅಭ್ಯಾಸವಿಲ್ಲದ ನಾನು ಆಕಳಿಕೆ ನುಂಗಿಕೊಂಡು ಮೂಲೆಯಲ್ಲಿ ನಿಂತಿದ್ದೇನೆ.

ನಮ್ಮ ಮನೆಯಲ್ಲೇ ನಮ್ಮ ಪಾಡಿಗೆ ಇರುತ್ತೇವೆ ಎಂದು ಪಟ್ಟು ಹಿಡಿದ ಹಿರಿಯರ ಮನೆಗಳಿಗೆ ಉಪಕರಣ ಹಾಕುವುದು ಸೀಮೆಸುಣ್ಣದಕ್ಕನ ಕೆಲಸ. ಹೊತ್ತಿಗೆ ಸರಿಯಾಗಿ ಕೂಗುವ ಮಾತ್ರೆ ಪೆಟ್ಟಿಗೆ, ಕಾಲು ನೆಲಕ್ಕೆ ತಾಗಿದರೆ ಹತ್ತಿಕೊಳ್ಳುವ ದೀಪ, ಬಚ್ಚಲುಮನೆಯ ಕರೆಗಂಟೆ, ಬಿದ್ದರೆ ಸುದ್ದಿ ಮುಟ್ಟಿಸುವ ಸೆನ್ಸರ್. ಅರವತ್ನಾಲ್ಕು ಮನೆಗಳು ಇವರ ಪಾಲಿಗೆ. ದಿನಕ್ಕೆ ಐದಾರು ಮನೆ, ಮುನ್ನೂರು ಮೆಟ್ಟಿಲು. ಲಿಫ್ಟ್ ಇದ್ದ ಕಡೆ ಅದು ಕೆಟ್ಟಿರುತ್ತದೆ ಎಂದು ಅವರೇ ನಗುತ್ತಾರೆ. ವಯಸ್ಸು ಐವತ್ತೊಂದು. ಆದರೂ ತೊಂಬತ್ತರ ಅಜ್ಜಂದಿರು ಕೂಡ ‘ಅಕ್ಕ ಬಂದ್ರು’ ಎಂದೇ ಬಾಗಿಲು ತೆಗೆಯುತ್ತಾರೆ.

ಸೀಮೆಸುಣ್ಣದಕ್ಕ ಎಂಬ ಹೆಸರು ಬರಲು ಕಾರಣವಿದೆ. ಯಾವ ಮನೆಗೆ ಹೋದರೂ ಮೊದಲ ದಿನ ಇವರು ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಸುಮ್ಮನೆ ಕೂತು ನೋಡುತ್ತಾರೆ. ಹಾಸಿಗೆಯಿಂದ ಏಳುವಾಗ ಕೈ ಎಲ್ಲಿ ಊರುತ್ತದೆ, ಬಚ್ಚಲಿಗೆ ಹೋಗುವಾಗ ಯಾವ ಗೋಡೆ ಸವರುತ್ತದೆ, ಅಲ್ಲೆಲ್ಲ ಸೀಮೆಸುಣ್ಣದ ಗುರುತು. ಬಟನ್ ಬರುವುದು ಆ ಗುರುತಿನ ಮೇಲೆಯೇ. “ಕಂಪನಿ ಪುಸ್ತಕದಲ್ಲಿ ನೆಲದಿಂದ ಮೂರೂವರೆ ಅಡಿ ಅಂತ ಬರ್ದಿದ್ದಾರೆ. ಅಜ್ಜನ ಕೈ ಆ ಪುಸ್ತಕ ಓದಿಲ್ವಲ್ಲ!” ಎನ್ನುತ್ತಾರೆ. ಹೀಗೆ ಕೂರುವುದನ್ನು ಕಂಪನಿ ಕೆಲಸವೆಂದು ಒಪ್ಪುವುದಿಲ್ಲ. ಅದಕ್ಕೇ ತಮ್ಮ ಸ್ವಂತ ಹೊತ್ತಿನಲ್ಲಿ ಕೂರುತ್ತಾರೆ.

ಇದಕ್ಕೂ ಮೊದಲು ಹತ್ತೊಂಬತ್ತು ವರ್ಷ ಗಂಡನ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದರು. ಜನ ಕೆಟ್ಟ ಮೋಟಾರನ್ನು ಎಸೆದು ಹೊಸದು ತರಲು ಕಲಿತ ಮೇಲೆ ಅಂಗಡಿ ಮುಚ್ಚಿತು. ಅಂಗಡಿ ನಡೆಯುತ್ತಿದ್ದ ದಿನಗಳಲ್ಲೇ ಅತ್ತೆ ಬಚ್ಚಲಲ್ಲಿ ಜಾರಿಬಿದ್ದಿದ್ದರು. ಎರಡೇ ಬೀದಿ ಆಚೆ ಗಂಡಹೆಂಡತಿ ಕೆಲಸದಲ್ಲಿ ಮುಳುಗಿದ್ದರು. “ಮಧ್ಯಾಹ್ನ ಊಟಕ್ಕೆ ಬಂದಾಗ್ಲೇ ಗೊತ್ತಾಗಿದ್ದು. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಆಮೇಲೆ ಮೂರು ವರ್ಷ ಬದುಕಿದ್ರು, ನಿಲ್ಲಲೇ ಇಲ್ಲ” ಎನ್ನುವಾಗ ಸೀಮೆಸುಣ್ಣದಕ್ಕ ನನ್ನ ಮುಖ ನೋಡುವುದಿಲ್ಲ.

ಆಪರೇಟರಮ್ಮನ ಮಂಚದ ಪಕ್ಕದ ಗೋಡೆಯಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಸೆನ್ಸರ್ ಇದೆ. ಹಾಕಿ ಒಂದು ತಿಂಗಳಾಗಿದೆ. ಯಾರಾದರೂ ಎರಡು ನಿಮಿಷ ಮೀರಿ ನೆಲದ ಮೇಲೆ ಬಿದ್ದಿದ್ದರೆ, ಹತ್ತಿರದಲ್ಲೇ ಇರುವ ತಂಗಿಯ ಮೊಬೈಲಿಗೆ ಸುದ್ದಿ ಹೋಗುತ್ತದೆ. ಈ ತಿಂಗಳು ಹನ್ನೊಂದು ಸಲ ಹೋಗಿದೆ. ತಂಗಿ ಗಾಬರಿಯಿಂದ ಫೋನ್ ಮಾಡಿದಾಗಲೆಲ್ಲ ಆಪರೇಟರಮ್ಮನದು ಒಂದೇ ಉತ್ತರ: “ಏನೂ ಆಗಿಲ್ಲ, ಯಂತ್ರ ಕೆಟ್ಟಿದೆ.” ಅಕ್ಕ ಬಿದ್ದು ಬಿದ್ದು ಮುಚ್ಚಿಡುತ್ತಿದ್ದಾಳೆಂದು ತಂಗಿ ನಂಬಿದ್ದಾರೆ. ವೃದ್ಧಾಶ್ರಮದಲ್ಲಿ ಕೋಣೆ ಗೊತ್ತುಮಾಡಿಯಾಗಿದೆ. ಸೋಮವಾರ ಹೊರಡುವುದು. ಇಂದು ಶುಕ್ರವಾರ.

ಸೆನ್ಸರಿನ ಚುರುಕು ತಗ್ಗಿಸಿಬಿಡಿ ಎಂದು ಕಂಪನಿಯವರು ಫೋನಿನಲ್ಲೇ ಹೇಳಿದ್ದರಂತೆ. ಅರ್ಧ ನಿಮಿಷದ ಕೆಲಸ. “ತಗ್ಗಿಸಿದ್ರೆ ನಿಜವಾಗ್ಲೂ ಬಿದ್ದ ದಿನ ಅದು ತೆಪ್ಪಗಿರುತ್ತೆ. ಹನ್ನೊಂದೂ ಬಂದಿರೋದು ಐದೂವರೆ ಆಸುಪಾಸಿಗೆ. ಕೆಟ್ಟ ಯಂತ್ರ ಗಡಿಯಾರ ನೋಡ್ಕೊಂಡು ಕೆಡುತ್ತಾ?” ಎಂದು ಕೇಳಿ, ಸೀಮೆಸುಣ್ಣದಕ್ಕ ಈ ಹೊತ್ತಿಗೆ ನನ್ನನ್ನೂ ಎಳೆದುಕೊಂಡು ಬಂದಿದ್ದಾರೆ.

ಐದೂವರೆ ಆಗುತ್ತದೆ. ಆಪರೇಟರಮ್ಮ ಗಡಿಯಾರ ನೋಡುತ್ತಾರೆ, ನಮ್ಮನ್ನು ನೋಡುತ್ತಾರೆ, ಮತ್ತೆ ಗಡಿಯಾರ. ಕೊನೆಗೆ ತಾಳ್ಮೆ ಕೆಟ್ಟು, “ಇಬ್ಬರೂ ಆ ಕಡೆ ತಿರುಗಿ” ಎಂದು ಗದರುತ್ತಾರೆ. ಶಾಲೆಯಲ್ಲಿ ಶಿಕ್ಷೆಗೊಳಗಾದವರಂತೆ ನಾವು ಗೋಡೆಗೆ ಮುಖಮಾಡುತ್ತೇವೆ. ಹಿಂದೆ ಬಟ್ಟೆ ಸರಸರ ಎನ್ನುತ್ತದೆ, ಕುರ್ಚಿ ಕಿರುಗುಡುತ್ತದೆ, ಏದುಸಿರು ಕೇಳುತ್ತದೆ. ತಡೆಯಲಾರದೆ ತಿರುಗಿದರೆ ಆಪರೇಟರಮ್ಮ ನೆಲದ ಮೇಲೆ ಅಂಗಾತ ಮಲಗಿದ್ದಾರೆ! ಎತ್ತಲು ಮುಂದೆ ನುಗ್ಗುತ್ತೇನೆ. ಸೀಮೆಸುಣ್ಣದಕ್ಕ ನನ್ನ ತೋಳು ಹಿಡಿದು ನಿಲ್ಲಿಸುತ್ತಾರೆ.

ಮುದುಕಿ ಎಡಕ್ಕೆ ಹೊರಳುತ್ತಾರೆ. ಮೊಣಕೈ ಊರುತ್ತಾರೆ, ಮಂಡಿಯೂರುತ್ತಾರೆ, ತೆವಳಿಕೊಂಡು ಕುರ್ಚಿಯ ಹತ್ತಿರ ಹೋಗುತ್ತಾರೆ. ಅಷ್ಟರಲ್ಲಿ ಎರಡು ನಿಮಿಷ ದಾಟಿ ಫೋನ್ ರಿಂಗಾಗತೊಡಗುತ್ತದೆ, ತಂಗಿಯದೇ ಇರಬೇಕು. ಅದು ರಿಂಗಾಗುತ್ತಿರುವಂತೆಯೇ ಕುರ್ಚಿ ಹಿಡಿದು, ಒಂದು ಕಾಲು ಊರಿ, ಎದ್ದು ನಿಲ್ಲುತ್ತಾರೆ.

“ಎರಡು ವರ್ಷದ ಹಿಂದೆ ಅಡುಗೆಮನೇಲಿ ಬಿದ್ದಿದ್ದೆ” ಎಂದು ಉಸಿರು ಸುಧಾರಿಸಿಕೊಳ್ಳುತ್ತ ಹೇಳುತ್ತಾರೆ. “ಮೂಳೆ ಮುರಿದಿರಲಿಲ್ಲ. ಏಳೋಕೆ ಬರಲಿಲ್ಲ, ಅಷ್ಟೇ. ನಾಲ್ಕು ಗಂಟೆ ಹೊತ್ತು ಜಂತಿ ಎಣಿಸ್ತಾ ಬಿದ್ದಿದ್ದೆ. ಆವತ್ತಿಂದ ದಿನಾ ನಾನೇ ಮಲಗ್ತೀನಿ, ನಾನೇ ಏಳ್ತೀನಿ. ಮೈ ಸರಿಯಿದ್ದ ದಿನ ಎರಡು ನಿಮಿಷದೊಳಗೇ ಎದ್ದುಬಿಡ್ತೀನಿ. ಮಂಡಿ ಹಟ ಮಾಡಿದ ದಿನ ಈ ಚಾಡಿಕೋರ ಹೋಗಿ ಹೇಳ್ಬಿಡುತ್ತೆ.”

ಸೀಮೆಸುಣ್ಣದಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. “ತಪ್ಪು ನಂದೇ ಅಮ್ಮಾ. ಸೆನ್ಸರ್ ಹಾಕೋ ಮುಂಚೆ ಕೂತು ನೋಡಿದ್ದು ಹೌದು. ಆದ್ರೆ ನಾನು ಬಂದಿದ್ದು ಒಂಬತ್ತಕ್ಕೆ. ತಂಗಿಗೆ ಹೇಳ್ಬಿಡ್ಲಾ?”

“ಗೊತ್ತಾದ್ರೆ ಹೀಗೆ ನೆಲಕ್ಕೆ ಮಲಗೋಕೇ ಬಿಡಲ್ಲ ಅವಳು.”

“ಹೇಳದೇ ಇದ್ದಿದ್ದಕ್ಕೇ ತಾನೇ ಸೋಮವಾರದವರೆಗೆ ಬಂದಿರೋದು?”

ಆಪರೇಟರಮ್ಮ ಹೂಂಗುಡುತ್ತಾರೆ. ಮತ್ತೆ ರಿಂಗಾದ ಫೋನನ್ನು ಸೀಮೆಸುಣ್ಣದಕ್ಕ ಎತ್ತಿ, ನಿಮ್ಮ ಅಕ್ಕ ಚೆನ್ನಾಗಿದ್ದಾರೆ, ಒಮ್ಮೆ ಬಂದು ಹೋಗಿ ಎನ್ನುತ್ತಾರೆ. ಹತ್ತು ನಿಮಿಷದಲ್ಲಿ ತಂಗಿ ಹಾಜರು. ಎಪ್ಪತ್ತನಾಲ್ಕರ ಜೀವ, ಎರಡು ಕಾಲಿಗೆ ಎರಡು ಥರದ ಚಪ್ಪಲಿ. ವಿಷಯ ಕೇಳಿ ಅವರಿಗೆ ಸಿಟ್ಟು ನೆತ್ತಿಗೇರುತ್ತದೆ. “ಬೇಕಂತಲೇ ಬೀಳ್ತೀಯಾ? ನಿನಗೇನು ತಲೆ ಕೆಟ್ಟಿದ್ಯಾ?”

ಆಪರೇಟರಮ್ಮ ವಾದಿಸುವುದಿಲ್ಲ. ಇನ್ನೊಮ್ಮೆ ಮಲಗುತ್ತಾರೆ. ತಂಗಿಯ ಕೈ ತಾನಾಗಿಯೇ ಮುಂದೆ ಚಾಚಿಕೊಳ್ಳುತ್ತದೆ. ಸೀಮೆಸುಣ್ಣದಕ್ಕ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡು ಬಿಡದೆ ನಿಲ್ಲುತ್ತಾರೆ. ಈ ಸಲ ಒಂದು ನಿಮಿಷ ಐವತ್ತು ಸೆಕೆಂಡು. ಯಂತ್ರ ತುಟಿಪಿಟಿಕ್ಕೆನ್ನುವುದಿಲ್ಲ.

ತಂಗಿ ಅಕ್ಕನ ಸೀರೆಗೆ ಅಂಟಿದ ಧೂಳು ಕೊಡವುತ್ತಾರೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು, “ನನಗೂ ಹೇಳಿಕೊಡು” ಎಂದು ನೆಲಕ್ಕೆ ಇಳಿದೇಬಿಡುತ್ತಾರೆ. ಮಲಗುವುದು ಸುಲಭ. ಏಳಲು ಹೋದರೆ ಮಂಡಿ ಮಾತು ಕೇಳುವುದಿಲ್ಲ. “ಅಕ್ಕಾ, ಆಗ್ತಾ ಇಲ್ಲ ಕಣೇ!” “ಗಾಬರಿ ಬೇಡ, ಎಡಕ್ಕೆ ಹೊರಳು. ಆ ಎಡ ಅಲ್ಲ, ಈ ಎಡ!” ಏಳು ನಿಮಿಷ ಬೇಕಾಗುತ್ತದೆ; ನಡುವೆ ತಂಗಿಯ ಮೊಬೈಲಿಗೆ ತಾವೇ ಬಿದ್ದ ಸುದ್ದಿ ಬರುತ್ತದೆ. ಕುರ್ಚಿ ಹಿಡಿದು ನಿಂತ ತಂಗಿ ಮೊದಲು ನಗುತ್ತಾರೆ, ಆಮೇಲೆ ಅಕ್ಕನ ಭುಜಕ್ಕೆ ಮುಖ ಒತ್ತಿ ಅಳುತ್ತಾರೆ. ನನ್ನ ಕಣ್ಣೂ ಒದ್ದೆಯಾಯಿತೆಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. “ಎಂಟು ಗಂಟೆ ಆಗ್ಲಿ, ಆಶ್ರಮದವರಿಗೆ ಫೋನ್ ಮಾಡಿ ಅಕ್ಕ ಬರಲ್ಲ ಅಂತೀನಿ” ಎನ್ನುತ್ತಾರೆ ತಂಗಿ.

ಸೀಮೆಸುಣ್ಣದಕ್ಕ ಈಗ ಚೀಲ ಒಳಗೆ ತರುತ್ತಾರೆ. ಮಲಗಿದಲ್ಲಿಂದಲೂ ನಿಂತಲ್ಲಿಂದಲೂ ಕೈಗೆಟಕುವ ಕಡೆ ಒಂದು ಬಟನ್ ಕೂರಿಸುತ್ತಾರೆ. ನೆಲದ ಮೇಲೆ ಮಲಗುವ ಮುನ್ನ ಒಮ್ಮೆ, ಎದ್ದ ಮೇಲೆ ಒಮ್ಮೆ ಒತ್ತಬೇಕು; ಆ ನಡುವೆ ಸೆನ್ಸರ್ ಸುಮ್ಮನಿರುತ್ತದೆ. ಹತ್ತು ನಿಮಿಷದೊಳಗೆ ಎರಡನೆಯದು ಒತ್ತದಿದ್ದರೆ ತಂಗಿಗೆ ಸುದ್ದಿ. ಉಳಿದ ಹೊತ್ತು ಸೆನ್ಸರ್ ಮೊದಲಿನಷ್ಟೇ ಚುರುಕು.

ಮೆಟ್ಟಿಲು ಇಳಿಯುವಾಗ, ನಿಮ್ಮ ಆಸೆ ಏನಕ್ಕಾ ಎಂದು ಕೇಳುತ್ತೇನೆ. ಒಂದು ಮಹಡಿ ಇಳಿದು, ಚೀಲವನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಳ್ಳುತ್ತಾರೆ.

“ಈ ತಿಂಗಳು ಹನ್ನೊಂದು ಸಲ ಬಿದ್ರು ಅಂತ ಯಂತ್ರ ಹೇಳ್ತು. ಅಷ್ಟೂ ಸಲ ಅವರೇ ಎದ್ರಲ್ಲ, ಅದನ್ನೂ ಹೇಳೋ ಯಂತ್ರ ಯಾರಾದ್ರೂ ಮಾಡ್ಲಿ. ಎಲ್ಲಾ ಮನೆಗೂ ನಾನೇ ಹೋಗಿ ಹಾಕ್ತೀನಿ.”