ಸಭೆಗೆ ಕರೆಯದ ಓಣಿ

ಕೊಳಕೂರಿನ ಆಚೆಗಿರುವ ನಮ್ಮೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಜೇವರ್ಗಿಗೆ ಹೊರಟೆ. ನನ್ನ ಅಕ್ಕ ರಜಿಯಾ ಭೂಸನೂರಿನಲ್ಲಿ ಕಬ್ಬು ಕಡಿಯುವ ಕೆಲಸಕ್ಕೆ ಹೋಗಿದ್ದಳು. ಅಫಜಲಪುರ, ಆಳಂದ ಹಾದು ಅವಳ ಬಳಿ ಹೋಗಿ ಒಂದು ಮಾತು ಹೇಳಬೇಕಿತ್ತು. ನಾನು ಕಲಿತದ್ದು ಐದನೆಯ ತರಗತಿ. ಸುತ್ತುಬಳಸಿ ಬರೆಯಲು ಬಾರದು. ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನದೊಂದು ಆಟೋ ಇದೆ. ಗ್ರಾಮಸಭೆ ಇದ್ದಾಗ ಅದಕ್ಕೆ ಮೈಕಿನ ಭೋಂಗಾ ಕಟ್ಟಿಕೊಂಡು ಓಣಿ ಓಣಿ ತಿರುಗಿ ಸಾರುವ ಕೆಲಸ ನನ್ನದು. ಹೊಳೆ ನೀರು ನುಗ್ಗುವ ಮನೆಗಳವರಿಗೆ ಎತ್ತರದಲ್ಲಿ ಜಾಗ ಕೊಡುವುದು ಹೋದ ವರ್ಷದ ಸಭೆಯಲ್ಲಿ ತೀರ್ಮಾನವಾಗುವುದಿತ್ತು. ಹಿಂದಿನ ದಿನ ಪಂಚಾಯಿತಿಯ ಒಬ್ಬ ಮೆಂಬರ್ ನನ್ನನ್ನು ಕರೆದು, "ನಾಲಾ ದಾಟಬ್ಯಾಡಲೇ. ಆ ಮಂದಿ ಬಂದ್ರ ಬರೇ ಒದರಾಡ್ತಾರ," ಎಂದ. ನಾಲೆಯ ಆಚೆಗಿದ್ದದ್ದು ಅಕ್ಕನ ಓಣಿ. ನಾನು ನಾಲೆಯ ಬಳಿಯೇ ಆಟೋ ತಿರುಗಿಸಿದೆ. ಅಂದೇ ಸಂಜೆ ಅವಳ ಮನೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡೆ. ಸಭೆಯ ಸುದ್ದಿ ಹೇಳಿದರೆ ಓಣಿಯನ್ನೆಲ್ಲ ಕರೆತರುತ್ತಾಳೆ, ಸಾರುವ ಕೆಲಸ ಕೈಬಿಟ್ಟು ಹೋಗುತ್ತದೆ ಎಂದು ಸುಮ್ಮನಿದ್ದೆ.

ಸಭೆಗೆ ಬಂದವರು ಜಾಗ ಕೇಳಿ ಪಡೆದರು. ನಾಲೆಯಾಚೆಯವರು ಜಗಳಕ್ಕೆ ಬಂದಾಗ, "ನಾ ಬಂದಿದ್ದೆ. ಗಾಳಿಗಿ ದನಿ ಕೇಳಿಲ್ಲ," ಎಂದೆ. ಅಕ್ಕ ನಂಬಿದಳು. ಈ ಮಳೆಗಾಲದಲ್ಲಿ ಹೊಳೆ ನೀರು ನುಗ್ಗಿ ಅವಳ ಮನೆಯ ಗೋಡೆ ಕುಸಿಯಿತು.

ಜೇವರ್ಗಿಯಿಂದ ಅಫಜಲಪುರದ ಬಸ್ಸಿನಲ್ಲಿ ಹೆಣ್ಣುಮಕ್ಕಳೇ ತುಂಬಿದ್ದರು. ಅವರಿಗೆ ಟಿಕೆಟ್ ಇಲ್ಲ, ನಮಗೆ ಸೀಟಿಲ್ಲ. ಮೋಡ ಕವಿದಿತ್ತು. ದಾರಿಯುದ್ದಕ್ಕೂ ಹೊಲಗಳಲ್ಲಿ ತೊಗರಿಯ ಹೂ ಉದುರಿತ್ತು. ಅಫಜಲಪುರದ ನಿಲ್ದಾಣದಲ್ಲಿ ಸುಸ್ಲಾ, ಮಿರ್ಚಿ ತಿಂದು ಆಳಂದದ ಬಸ್ಸು ಹತ್ತಿದೆ. ಮುಂದೆ ಒಂದು ಹಳ್ಳಿಯಲ್ಲಿ ಟಯರ್ ಪಂಕ್ಚರ್ ಆಯಿತು. ಎಲ್ಲರೂ ಕೆಳಗಿಳಿದೆವು.

ಎದುರಿನ ಶಾಲೆಯ ಅಂಗಳದಲ್ಲಿ ಗ್ರಾಮಸಭೆ ಸೇರಿತ್ತು. ನನ್ನ ಪಕ್ಕ ಕೂತು ಬಂದಿದ್ದ, ಹಣೆಗೆ ವಿಭೂತಿ ಹಚ್ಚಿದ ಶರಣಪ್ಪ ಅದೇ ಊರಿನವರು. "ಬರ್ರಿ, ಕೂಡ್ರಿ. ನಮ್ಮಲ್ಲಿ ಮೊದಲ ಓಣಿಗೊಂದು ವಾರ್ಡ್ ಸಭಾ ಆಗ್ತದ. ಅಲ್ಲಿ ಬೈದಾಡಿ ಹಗುರಾಗಿ ಇಲ್ಲಿಗಿ ಬರ್ತೇವಿ," ಎಂದು ನಕ್ಕರು.

ಸಭೆ ನಡೆಸಲು ಬಂದ ಅಧಿಕಾರಿ, "ಎಲ್ಲಾ ಓಣಿಗೂ ಸಾರಿದ್ದೀರಾ?" ಎಂದು ಕೇಳಿದರು. ಹಿಂದಿನಿಂದ ಒಬ್ಬ ಮುದುಕಿ ಎದ್ದಳು.

"ನಮ್ಮ ಕಡೀ ಓಣಿಗಿ ಬಂದಿಲ್ರಿ ಸಾಹೇಬ್ರ. ನಾ ಹಿಟ್ಟಿನ ಗಿರಣಿಗಿ ಬಂದಕಿ, ಮಂದಿ ಕಂಡು ಬಂದೀನಿ."

"ನಿನಗ ಕಿವಿ ಮಂದ ಆಗ್ಯಾವ ಬೇ," ಎಂದ ಒಬ್ಬ.

"ನಿನ್ನ ಹೆಂಡ್ತಿ ದಿನಾ ನಿನಗ ಬೈಯೋದು ನಮ್ಮನಿ ತನಕ ಕೇಳ್ತದಪ್ಪ. ಭೋಂಗಾ ಕೇಳಂಗಿಲ್ಲೇನು?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಸಾರಲು ಹೋಗಿದ್ದವನು ಎದ್ದು, "ಕಡೀ ಓಣಿಗಿ ಹೋಗಿಲ್ರಿ. ತಪ್ಪಾಗ್ಯದ," ಎಂದ. ಅಷ್ಟೇ. ಯಾರೂ ಅವನನ್ನು ಹೊಡೆಯಲಿಲ್ಲ. ಅಧಿಕಾರಿ ಸಭೆಯನ್ನು ಮುಂದೂಡಿದರು. ಕೆಲಸ ಬಿಟ್ಟು ಬಂದವರು ಗೊಣಗುತ್ತ ಎದ್ದರು. ನಾನು ಅವನ ಮುಖ ನೋಡಲಾರದೆ ಬಸ್ಸಿನ ಕಡೆ ನಡೆದೆ.

ಆಳಂದದಿಂದ ಟಂಟಂ ಗಾಡಿಯಲ್ಲಿ ಭೂಸನೂರು ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಸಕ್ಕರೆ ಕಾರ್ಖಾನೆಯ ಹೊಗೆ ಮೋಡದಡಿಯಲ್ಲೇ ನಿಂತಿತ್ತು. ಊರೆಲ್ಲ ಕಾಕಂಬಿಯ ನಾತ. ಕಬ್ಬಿನ ಹೊಲದ ಬದುವಿನಲ್ಲಿ ಅಕ್ಕ ಸಿಕ್ಕಳು. ಕೈತುಂಬ ಸೋಗೆ ಕೊಯ್ದ ಗೀರು.

ಉಂಡೆಯಾ ಎಂದು ಉರ್ದುವಿನಲ್ಲಿ ಕೇಳಿದಳು. ಕೂರುವ ಮೊದಲೇ ಎಲ್ಲವನ್ನೂ ಹೇಳಿದೆ.

ಅಕ್ಕನನ್ನು ನಾನು ಆಪಾ ಎನ್ನುತ್ತೇನೆ. ಅವಳು ನನ್ನೊಂದಿಗೆ ಯಾವಾಗಲೂ ಮನೆಯ ಉರ್ದುವಿನಲ್ಲೇ ಮಾತಾಡುತ್ತಾಳೆ. ಸಿಟ್ಟು ಬಂದರೆ ಮಾತ್ರ ಕನ್ನಡ. ಆಗ ಕನ್ನಡದಲ್ಲಿ ಮಾತಾಡಿದಳು.

"ಅವತ್ತು ನನ್ನ ಕೈಲಿಂದ ರೊಟ್ಟಿ ಇಸ್ಕೊಂಡು ತಿಂದಿ."

"ಹೌದು ಆಪಾ."

"ಲಕ್ಷ್ಮಿಬಾಯಿ ನಿನಗ ಸುಳ್ಳ ಅಂದಳಂತ ಅಕಿ ಕೂಡ ಜಗಳಾ ತಗದೀನಿ. ಬಾಜೂ ಮನಿಯಕಿ, ಒಂದ ನಳದಾಗ ನೀರ ತುಂಬಾಕಿ. ವರ್ಷಾತು, ಮಾತಿಲ್ಲ ನಮಗ."

"ಮಾಫ್ ಮಾಡು."

"ನಾ ಒಬ್ಬಾಕಿ ಮಾಡಿದ್ರ ಆತೇನು? ಓಣಿ ಮಂದಿ ಗೋಡಿ ಬಿದ್ದಿಲ್ಲೇನು? ಮುಂದಿನ ಸಭಾದಾಗ ಎಲ್ಲಾರ ಮುಂದ ನಿಂತು ಹೇಳ್ತೀಯೇನು? ಹೇಳ್ತೇನಿ ಅನ್ನು, ನಾನೂ ಬರ್ತೇನಿ."

ಅವಳು ಕಾದಳು. ಮೆಂಬರನ ಮುಖ ಕಣ್ಣ ಮುಂದೆ ಬಂತು, ಆಟೋದ ಕಂತು ನೆನಪಾಯಿತು. ನಾನು ನೆಲ ನೋಡುತ್ತ ಕೂತೆ. ಆಪಾ ಕಬ್ಬು ಕಡಿಯುವ ಕೊಯ್ತಾ ಎತ್ತಿಕೊಂಡು, "ಬಸ್ ತಪ್ಪತದ, ಹೋಗು," ಎಂದು ಕಬ್ಬಿನೊಳಗೆ ಹೋದಳು.

ಮರುದಿನ ಊರು ಮುಟ್ಟಿದ ಮೇಲೆ ಮನೆಗೆ ಹೋಗದೆ ಲಕ್ಷ್ಮಿಬಾಯಿಯ ಬಾಗಿಲಿಗೆ ಹೋದೆ. ಅವಳೊಬ್ಬಳಿಗಾದರೂ ನಿಜ ಹೇಳಬೇಕೆಂದಿತ್ತು. ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಭೂಸನೂರಿಗಿ ಹೋಗಿದ್ದಿಯಂತಲ್ಲ. ರಜಿಯಾ ಹ್ಯಾಂಗದಾಳ? ನನ್ನ ಹೆಸರ ಏನರ ತಗದಳೇನು?"

"ಆರಾಮ ಅದಾಳ," ಎಂದೆ. ನಾನು ಮತ್ತೇನಾದರೂ ಹೇಳಿಯೇನೆಂದು ಅವಳು ನಿಂತೇ ಇದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ.