ಆ ಸಂಜೆ ಕರೆಂಟ್ ಹೋಗಿರಲಿಲ್ಲ

ಗೌರೀ, ಆ ಸಂಜೆ ಕರೆಂಟ್ ಹೋಗಿರಲಿಲ್ಲ. ಮೇನ್ ಸ್ವಿಚ್ ಕೆಳಗೆ ಎಳೆದವಳು ನಾನು — ನಿನ್ನ ಅವ್ವ.

ಇವತ್ತು ಮುಂಜಾನೆ ನಿನ್ನ ಫೋನ್ ಬಂದಾಗ ಹುಣಸೆಹಣ್ಣು ಹಚ್ಚಿ ದೇವರ ಮುಂದಿನ ಹಿತ್ತಾಳೆಯ ದೀಪದ ಸಮೆ ತಿಕ್ಕುತ್ತಿದ್ದೆ. ಎಂಟು ದಿನದ ಮೇಲೆ ನಳಕ್ಕೆ ನೀರು ಬಂದಿತ್ತು, ಮೊಣಕಾಲೂ ಅಷ್ಟು ನೋಯುತ್ತಿರಲಿಲ್ಲ. ಇಷ್ಟಾದರೂ ಶಿವನ ದಯೆ ಅಂದುಕೊಳ್ಳುತ್ತಿದ್ದೆ. ನಿನ್ನೆ ಹುಬ್ಬಳ್ಳಿ ಬಸ್ಸಿನಲ್ಲಿ ನಿನ್ನ ಹಳೆಯ ಗೆಳತಿ ಶಬಾನಾ ಸಿಕ್ಕು, ಐದು ವರ್ಷದ ಮೇಲೆ ತಾನಾಗಿ ಮಾತಾಡಿಸಿದಳು ಅಂತ ನೀನು ಹೇಳಿದೆ. "ಅವತ್ತ ಹೆದರಿ ಓಡಿಹೋದ್ನಿ ಅಂತ ಒಮ್ಮೆ ಒಪ್ಪಿಕೊಂಡ್ಬಿಡಬೇ, ನಾನೂ ಮರತಬಿಡ್ತೇನಿ" ಅಂದಳಂತೆ. ನೀನು ಒಪ್ಪಲಿಲ್ಲ. "ನಮ್ಮವ್ವ ಸುಳ್ಳು ಹೇಳೂದಿಲ್ಲ" ಅಂದೆಯಂತೆ — ಮತ್ತೆ ಅದೇ ಮಾತು. ಅವಳು ಮುಂದಿನ ಸ್ಟಾಪಿನಲ್ಲಿ ಇಳಿದು ಹೋದಳು.

ನನ್ನ ಕೈ ಹುಣಸೆಹಣ್ಣಿನಲ್ಲೇ ನಿಂತುಬಿಟ್ಟಿತು.

ಎಷ್ಟು ಛಲೋ ದಿನಗಳವು. ಪಡಸಾಲೆಯಲ್ಲಿ ನಿನ್ನ ಕಂಪ್ಯೂಟರ್, ಅದರಲ್ಲಿ ಗುಂಡು ಹಾರಿಸುವ ಆ ಆಟ. ಹಿಂದಿನ ಓಣಿಯ ಶಬಾನಾ ನಿನ್ನ ತಂಡದವಳು. ನೀನು ಸ್ನೈಪರ್ — ದೂರದಲ್ಲಿ ಅಡಗಿ, ಬಂದೂಕಿನ ದುರ್ಬೀನಿನಲ್ಲಿ ನೋಡಿ ಒಂದೇ ಗುಂಡಿಗೆ ಕೆಡವುವವಳು. ಆದರೆ ಯಾರಾದರೂ ಹತ್ತಿರ ಬಂದರೆ ಗಾಬರಿ; ಆಗಲೂ ದುರ್ಬೀನಿನಲ್ಲೇ ಹುಡುಕುತ್ತ ಸಾಯುತ್ತಿದ್ದೆ. "ದೂರಕ್ಕ ಹುಲಿ, ಮಗ್ಗಲಕ್ಕ ಇಲಿ!" ಅಂತ ಕಾಡಿಸುತ್ತಿದ್ದಳು ಅವಳು. ಎಷ್ಟೋ ಸಂಜೆ ನಮ್ಮ ಮನೆಗೇ ಬಂದು, ನಿನ್ನ ಕುರ್ಚಿಯ ಹಿಂದೆ ನಿಂತು ಕಲಿಸಿದಳು. "ದುರ್ಬೀನ್ ಬಿಡಬೇ! ಪಿಸ್ತೂಲ್ ತಗಿ! ನಿಂತಲ್ಲೇ ನಿಂದರಬ್ಯಾಡ, ಮೂಲಿ ಹಿಡಿ!"

"ಮೊದಲ ಅವಲಕ್ಕಿ ಹಿಡೀರೆ" ಅನ್ನುತ್ತಿದ್ದೆ ನಾನು.

"ಕಾಕೂ, ಇಕಿಗೆ ಅವಲಕ್ಕಿನೂ ದುರ್ಬೀನ್ಯಾಗ ನೋಡೇ ತಿನ್ನಬೇಕ್ರಿ!"

ಮೂವರೂ ನಗುತ್ತಿದ್ದೆವು. ಎರಡು ತಿಂಗಳಲ್ಲಿ ನಿನ್ನ ಬೆರಳು ಚುರುಕಾದವು — ಏನೂ ತಿಳಿಯದ ನನಗೂ ಕಾಣುವಷ್ಟು. ಮಗ್ಗುಲಿಗೆ ಬಂದವರ ಎದುರು ನಿಲ್ಲುವುದನ್ನು ಕಲಿತೆ.

ಕಾಲೇಜುಗಳ ಪಂದ್ಯದ ಸಂಜೆ. ಶಬಾನಾ ತನ್ನ ಮನೆಯಿಂದ ಆಡುತ್ತಿದ್ದಳು, ನಿನ್ನ ಕಿವಿಗೆ ಹೆಡ್‌ಫೋನು. ನಾನು ಪೂಜೆ ಮುಗಿಸಿ ಮೂರು ಸಲ ಪ್ರಸಾದಕ್ಕೆ ಕರೆದೆ. "ಐದ ನಿಮಿಷ, ಅವ್ವಾ." ಆಮೇಲೆ ಅವಳು ಏನೋ ಅಂದಿರಬೇಕು — ನೀನು ನಕ್ಕೆ. ಆ ನಗುವಿನಲ್ಲಿ ನಾನಿರಲಿಲ್ಲ... ಪರೀಕ್ಷೆ ಹತ್ತಿರ ಬಂತು ಅಂತ ಮೇನ್ ಸ್ವಿಚ್ ಎಳೆದೆ, ದೇವರ ಮುಂದೆ ಗುಂಡಿನ ಸಪ್ಪಳ ಬೇಡ ಅಂತ ಎಳೆದೆ — ಇಷ್ಟು ವರ್ಷ ಹೀಗೇ ಹೇಳಿಕೊಂಡೆ. ಅಲ್ಲ. ಹೊಟ್ಟೆಕಿಚ್ಚಿಗೆ ಎಳೆದೆ.

ನೀನು ಚೀರಿದೆ: "ಅವ್ವಾ, ಎದರಿಗೇ ಬಂದಿದ್ದ! ಪಿಸ್ತೂಲ್ ತಗದಿದ್ದೆ!"

"ಕರೆಂಟ್ ಹೋತ ನೋಡವಾ."

ಪಕ್ಕದ ಮನೆಯ ಮಿಕ್ಸರ್ ಗರ್ ಅನ್ನುತ್ತಿತ್ತು. "ಅವರ ಮನ್ಯಾಗ ಐತೆಲ್ಲ?"

"ಅವರದು ಬ್ಯಾರೆ ಲೈನ್, ಬ್ಯಾರೆ ಫೇಸ್."

ಅಷ್ಟೇ. ಆ ಸುಳ್ಳಿನ ಬೆನ್ನಿಗೇ ಈ ಸಮೆಗೆ ಎಣ್ಣೆ ಹಾಕಿ, ದೀಪ ಹಚ್ಚಿ ತಂದು ನಿನ್ನ ಮುಂದಿಟ್ಟೆ. ಹಣೆಯ ವಿಭೂತಿ ಕೂಡ ಆರಿರಲಿಲ್ಲ.

ತಂಡ ಸೋತಿತು. ಎದುರಾಳಿ ಹತ್ತಿರ ಬಂದ ಕೂಡಲೇ ಗೌರಿ ಹೆದರಿ ಕಂಪ್ಯೂಟರ್ ಬಂದ್ ಮಾಡಿದಳು ಅಂದರು ಎಲ್ಲರೂ. ಶಬಾನಾ ಬಾಗಿಲಲ್ಲಿ ನಿಂತಳು. "ನಮ್ಮ ಓಣ್ಯಾಗ ಕರೆಂಟ್ ಇತ್ತು. ಖರೇ ಹೇಳು." ನೀನು ನನ್ನ ಕಡೆ ತಿರುಗಿಯೂ ನೋಡಲಿಲ್ಲ — ನೋಡಬೇಕು ಅಂತ ನಿನಗೆ ಅನಿಸಲೇ ಇಲ್ಲ. "ನಮ್ಮವ್ವ ಸುಳ್ಳು ಹೇಳೂದಿಲ್ಲ." ನಾನು ಅಲ್ಲೇ ಇದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು — ಆಡಲಿಲ್ಲ.

ಅವಳು ಮತ್ತೆ ಅವಲಕ್ಕಿಗೆ ಬರಲಿಲ್ಲ. ನೀನು ಆಟ ಬಿಟ್ಟೆ, ಒಳ್ಳೆ ಮಾರ್ಕ್ಸ್ ತಗೊಂಡೆ. ಅದನ್ನೂ ಶಿವನ ದಯೆ ಅಂದೆನಲ್ಲ ನಾನು...

ಇಂಥದ್ದನ್ನು ಫೋನಿನಲ್ಲಿ, ದೂರ ನಿಂತು ಹೇಳಬಾರದು. ಸಮೆ ಅಲ್ಲೇ ಬಿಟ್ಟು, ಹಿಂದಿನ ಓಣಿಗೆ ಹೋಗಿ ಶಬಾನಾಳ ಮುಂದೆ ನಿಂತು ಹೇಳಿದೆ. "ನಾ ಇಷ್ಟ ವರ್ಷ ಅಕಿನ್ನ ಇಲಿ ಅಂದೆನಲ್ರಿ, ಕಾಕೂ" ಅಂದಳು. ಒಳಗೆ ಕರೆಯಲಿಲ್ಲ. ಭಾನುವಾರ ಗೌರಿ ಬರ್ತಾಳ, ನೀನೂ ಊಟಕ್ಕ ಬಾರವಾ ಅಂದೆ. ಅವಳು ಬಾಗಿಲ ಚಿಲಕ ಹಿಡಿದೇ ತಲೆ ತಗ್ಗಿಸಿದಳು; ಬರ್ತೀಯಾ ಅಂತ ಇನ್ನೊಮ್ಮೆ ಕೇಳುವ ಮುಖ ನನಗಿರಲಿಲ್ಲ.

ನೀನು ಬಂದಾಗ ಎದುರು ಕೂತು ಹೇಳುತ್ತೇನೆ. ಬಾಯಿ ಕಟ್ಟಿದರೆ ಈ ಕಾಗದ ಕೈಗೆ ಕೊಡುತ್ತೇನೆ. ಕ್ಷಮೆ ಕೇಳಲು ಬರೆದದ್ದಲ್ಲ. ನೀನು ಅವತ್ತು ಓಡಿಹೋಗಿರಲಿಲ್ಲ — ಅದು ಬರಹದಲ್ಲಿ ಇರಲಿ ಅಂತ.

ಸಮೆ ತೊಳೆದು ಒರೆಸಿಟ್ಟೆ. ಭಾನುವಾರಕ್ಕೆ ಮಡಕಿಕಾಳು ಮೊಳಕೆ ಬರಬೇಕಂದರೆ ಇವತ್ತೇ ನೆನೆಹಾಕಬೇಕು. ನಮ್ಮಿಬ್ಬರಿಗಾಗುವಷ್ಟು ಅಳೆದು ನೀರಿಗೆ ಹಾಕಿದೆ. ಆಮೇಲೆ ಡಬ್ಬಿ ಮತ್ತೆ ತೆಗೆದು, ಇನ್ನೊಂದು ಹಿಡಿ ಹಾಕಿದೆ.