ಭೀಮಪ್ಪ ಕೇಳಿಸಿಕೊಳ್ಳದ ಮಾತು

ಇಪ್ಪತ್ತಾರು ವರ್ಷದ ರೈಲ್ವೆ ನೌಕರಿಯಲ್ಲಿ ಭೀಮಪ್ಪ ಕಾಯಿಲೆಯ ರಜೆ ಹಾಕಿದ್ದು ಒಂದೇ ಸಲ. ಅದೂ ಕಬ್ಬಿಣದ ತುಂಡು ಪಾದದ ಮೇಲೆ ಬಿದ್ದು ಎರಡು ಬೆರಳು ಮುರಿದಾಗ. ಇದನ್ನು ಅವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ರೋಣದ ಕಡೆಯಿಂದ ಬಂದ ಆಳು, ನಾಗಪುರದ ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಮೇ ತಿಂಗಳ ಬಿಸಿಲಿಗೆ ಶೆಡ್ಡಿನ ತಗಡು ಕಾದು ತಲೆ ಸಿಡಿಯತೊಡಗಿದರೆ ಟವೆಲ್ ಒದ್ದೆ ಮಾಡಿ ಬಿಗಿಯಾಗಿ ಕಟ್ಟಿಕೊಂಡು, ಎರಡು ಕಪ್ ಚಹಾ ಕುಡಿದು, ಮತ್ತೆ ಎಂಜಿನ್ನಿನ ಕೆಳಗೆ ಇಳಿಯುತ್ತಿದ್ದ. ಶೆಡ್ಡಿಗೆ ಆರೋಗ್ಯ ತಪಾಸಣೆಯವರು ಬಂದ ದಿನ ಅವನಿಗೆ ತಪ್ಪದೆ ಎಲ್ಲಾದರೂ ಕೆಲಸ ಬಿದ್ದಿರುತ್ತಿತ್ತು. "ಗಂಡಸು ತಲಿನೋವು ಅಂತ ಕುಂತ್ರ ಗಾಡಿ ಓಡ್ತಾವೇನು?" ಎನ್ನುತ್ತಿದ್ದ.

ಹೆಂಡತಿ ಗೌರಮ್ಮ ಮನೀಶ್ ನಗರದ ಮನೆಯ ಮಾಳಿಗೆಯಲ್ಲಿ ಬಟ್ಟೆ ಒಣಗಹಾಕುತ್ತಾ ಕುಸಿದು ಬಿದ್ದದ್ದು ಒಂದು ಫೆಬ್ರವರಿಯ ಬೆಳಿಗ್ಗೆ. ಪಕ್ಕದ ಮನೆಯವರು ಆಟೋದಲ್ಲಿ ಧರಮಪೇಠದ ಒಂದು ಆಸ್ಪತ್ರೆಗೆ ಒಯ್ದರು. ಭೀಮಪ್ಪ ಕೈಯ ಗ್ರೀಸನ್ನೂ ತೊಳೆಯದೆ ಓಡಿಬಂದ. ಎರಡು ದಿನದ ಪರೀಕ್ಷೆಯ ನಂತರ ಡಾಕ್ಟರಬಾಯಿ ಹೇಳಿದರು: ಎರಡೂ ಕಿಡ್ನಿ ಹೋಗಿವೆ, ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು, ಮನೆಯವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಬಹಳ ಒಳ್ಳೆಯದು.

ಒಬ್ಬಳೇ ಮಗಳು ಯಶಸ್ವಿನಿ ನಾಶಿಕದಲ್ಲಿ ಗಂಡನ ಮನೆಯಲ್ಲಿದ್ದಳು, ಐದು ತಿಂಗಳ ಬಸುರಿ. ಅವಳ ಮಾತೇ ಏಳುವಂತಿರಲಿಲ್ಲ. ಆ ಭಾನುವಾರ ಭೀಮಪ್ಪನ ತಮ್ಮ ಶಿವಪ್ರಸಾದ್ ಹೆಂಡತಿ ಬೃಂದಾಳನ್ನು ಕರೆದುಕೊಂಡು ಕಳಮೇಶ್ವರದಿಂದ ಮನೆಗೆ ಬಂದ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಅವನು ಸೂಪರ್‌ವೈಸರ್. ಆರು ವರ್ಷದ ಹಿಂದೆ ಅವನಿಗೂ ಇದೇ ರೋಗ ಬಂದಿತ್ತು. ಆಗ ಕಿಡ್ನಿ ಕೊಟ್ಟವಳು ಬೃಂದಾ.

"ನಾನ ಕೊಟ್ರ ಹೆಂಗ?" ಎಂದು ಭೀಮಪ್ಪ ಅರ್ಧ ದನಿಯಲ್ಲಿ ಕೇಳಿದ.

ಶಿವಪ್ರಸಾದ್ ತಲೆ ಅಲ್ಲಾಡಿಸಿದ. "ಅಣ್ಣಾ, ನೀ ದುಡಿಯೋ ಮನಶಾ. ಭಾರ ಎತ್ತೋ ಕೆಲಸ. ನಿನಗೇನರ ಆದ್ರ ಮನಿ ನೋಡೋರ್ಯಾರು? ಸರದಿ ಪಟ್ಟಿಯೊಳಗ ಗೌರಮ್ಮ ವೈನಿ ಹೆಸರು ಬರಸೋಣು. ಸತ್ತೋರ ಕಿಡ್ನಿ ಸಿಗತಾವಂತ."

"ಹೌದ್ರಿ, ನೀವು ಬ್ಯಾಡ," ಎಂದಳು ಗೌರಮ್ಮ, ಮಂಚದ ಮೇಲಿನಿಂದ. "ನೀವು ದುಡಿಯೋರು."

ಭೀಮಪ್ಪನಿಗೆ ಒಳಗೊಳಗೇ ಎದೆ ಹಗುರಾಯಿತು. ಚಹಾದ ಕಪ್ಪುಗಳನ್ನು ಎತ್ತಿಕೊಳ್ಳುತ್ತಿದ್ದ ಬೃಂದಾ ಅಲ್ಲೇ ನಿಂತಳು.

"ನಾನೂ ದುಡೀತಿದ್ನಿ ಭಾವಾರ. ದಿನಾ ಎಂಟು ತಾಸು ಹೊಲಿಗಿ ಮಷಿನ್ ತುಳೀತಿದ್ನಿ. ಅವಾಗ ಯಾರೂ ಹಿಂಗ ಕುಂತು ಮಾತಾಡಲಿಲ್ಲ. ನೀವ ಬಂದು, 'ತಂಗಿ, ನಿನ್ನ ಕುಂಕುಮ ಉಳಸ್ಕೋ' ಅಂದ್ರಿ. ನಾ ಹೂಂ ಅಂದೆ."

"ಏ, ಈಗ್ಯಾಕ ಆ ಮಾತು?" ಶಿವಪ್ರಸಾದ್ ಗದರಿದ.

"ಕೊಟ್ಟಿದ್ದಕ್ಕ ಸಂಕಟ ಇಲ್ಲ. ಕೊಡ್ತೀಯೇನು ಅಂತ ಒಮ್ಮೆ ಕೇಳಬೇಕಿತ್ತು, ಅಷ್ಟ."

ಅವಳು ಕಪ್ಪುಗಳನ್ನು ಒಳಗೆ ಒಯ್ದಳು. ನಲ್ಲಿಯ ಸದ್ದು ಕೇಳಿಸಿತು. ಆರು ವರ್ಷದ ಹಿಂದೆ ಭೀಮಪ್ಪ ಹತ್ತು ನಿಮಿಷದಲ್ಲಿ ಮುಗಿಸಿದ್ದ ಮಾತು ಅದು. ಅಂದು ಅವನಿಗೆ ಅದೊಂದು ಪ್ರಶ್ನೆ ಎಂದೇ ಅನ್ನಿಸಿರಲಿಲ್ಲ.

ಮರುದಿನ ರಜೆ ಬರೆದುಕೊಟ್ಟು ಆಸ್ಪತ್ರೆಗೆ ಹೋದ. "ಹೆಂಡತಿಗೆ ನಾನು ಕೊಡ್ತೀನಿ," ಎಂದು ಹಿಂದಿಯಲ್ಲಿ ಹೇಳಿದಾಗ ಡಾಕ್ಟರಬಾಯಿ ಕನ್ನಡಕ ತೆಗೆದು ಅವನನ್ನು ನೋಡಿದರು. ತಾಯಂದಿರು ಬರುತ್ತಾರೆ, ಹೆಂಡಂದಿರು ಬರುತ್ತಾರೆ, ಗಂಡಂದಿರು ತಾವಾಗಿ ಬರುವುದು ಕಡಿಮೆ ಎಂದರು. ರಕ್ತದ ಗುಂಪು ಕೂಡಿತು. ಆ ಸಂಜೆ ಭೀಮಪ್ಪ ಮನೆಗೆ ಕಿತ್ತಳೆ ಹಣ್ಣು ತಂದ. ಅವು ಕಿಡ್ನಿ ಕೆಟ್ಟ ಗೌರಮ್ಮ ತಿನ್ನಬಾರದ ಹಣ್ಣು ಎಂಬುದು ಅವನಿಗೆ ನೆನಪಾದದ್ದು ಸುಲಿದ ಮೇಲೆ.

ನಾಲ್ಕನೆಯ ದಿನ ನರ್ಸ್ ಅವನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಮುಖ ಗಂಭೀರ ಮಾಡಿಕೊಂಡು ಇನ್ನೊಂದು ತೋಳಿಗೆ ಸುತ್ತಿದಳು. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದಳು. ನೂರ ತೊಂಬತ್ತರ ಕೆಳಗೆ ಅದು ಇಳಿಯಲೇ ಇಲ್ಲ. ವಾರದ ಕೊನೆಗೆ ಉಳಿದ ಪರೀಕ್ಷೆಗಳೂ ಬಂದವು.

"ಈ ಬಿಪಿ ಇವತ್ತಿನದಲ್ಲ, ಬಹಳ ವರ್ಷದ್ದು," ಎಂದರು ಡಾಕ್ಟರಬಾಯಿ. "ನಿಮ್ಮ ಕಿಡ್ನಿಗಳೇ ಅರ್ಧ ಸವೆದಿವೆ. ಕೊಡುವ ಮಾತು ಬಿಡಿ, ಉಳಿದದ್ದನ್ನು ಕಾಪಾಡಿಕೊಳ್ಳಿ. ತಲೆ ನೋಯುತ್ತಿರಲಿಲ್ಲವೇ?"

ಆಸ್ಪತ್ರೆಯಿಂದ ಹೊರಟ ಭೀಮಪ್ಪ ಬಸ್ಸು ಹತ್ತದೆ ಬಹಳ ದೂರ ನಡೆದ. ಕೊಡಲಾರೆ ಎಂಬ ದುಃಖದ ಜೊತೆಗೆ, ಯಾರಿಗೂ ಹೇಳಲಾಗದ ಒಂದು ಭಯವೂ ಇತ್ತು. ತಾನೂ ಸಾಯುವ ಮನುಷ್ಯ ಎಂಬುದು ಐವತ್ತಾರನೆಯ ವಯಸ್ಸಿಗೆ ಮೊದಲ ಸಲ ಅವನ ತಲೆಗೆ ಹೊಕ್ಕಿತ್ತು.

ಮನೆಯಲ್ಲಿ ಸುದ್ದಿ ಕೇಳಿ ಗೌರಮ್ಮ ಅಳಲಿಲ್ಲ. ಸಿಟ್ಟಿಗೆದ್ದಳು.

"ಇಷ್ಟು ವರ್ಷ ತಲಿ ನೂಸ್ತಿತ್ತು. ಒಂದ್ ದಿನಾರ ನನ್ನ ಮುಂದ ಹೇಳಿದ್ರೇನು? ನಾ ಏನ್ ಪರಕೀಯಳಾ?"

"ನೀ ಹೇಳಿದ್ದೇನು?" ಅವನಿಗೂ ರೇಗಿತು. "ಕಾಲು ಬಾತಾವು, ಸುಸ್ತಾಕ್ಕೈತಿ ಅಂತ ನೀನರ ಬಾಯಿ ಬಿಟ್ಟಿದ್ದೇನು?"

"ನಾ ಹೇಳಿದ್ನಿ." ಗೌರಮ್ಮನ ದನಿ ಒಮ್ಮೆಲೇ ತಗ್ಗಿತು. "ಮೂರು ಸಲ ಹೇಳಿದ್ನಿ."

ಅವಳು ಹೇಳುತ್ತಾ ಹೋದಂತೆ ಭೀಮಪ್ಪನಿಗೆ ಒಂದೊಂದೇ ನೆನಪಾಯಿತು. ಮೊದಲ ಸಲ ಮಗಳ ಮದುವೆಗೆ ಮೊದಲಿನ ದೀಪಾವಳಿಯ ಹೊತ್ತಿಗೆ. ಚಪ್ಪಲಿ ಹಿಡಿಯವಲ್ದು ಎಂದಾಗ, ಒಂದು ನಂಬರ್ ದೊಡ್ಡದು ತಗೋ ಎಂದಿದ್ದ. ಎರಡನೆಯ ಸಲ ರೊಟ್ಟಿ ಬಡಿಯಲು ಕೈಯಲ್ಲಿ ಕಸುವೇ ಇಲ್ಲ ಎಂದಾಗ, ಈ ವಯಸ್ಸಿಗೆ ಹೆಂಗಸರಿಗೆ ಹಂಗ ಆಗತೈತಿ ಎಂದು ಪೇಪರ್ ತಿರುವಿದ್ದ. ಮೂರನೆಯದು ಯಶಸ್ವಿನಿಯ ಮದುವೆಗೆ ಹದಿನೈದು ದಿನ ಮೊದಲು. ಡಾಕ್ಟರ್ ಹತ್ರ ಹೋಗೋಣು ಅಂದ್ರ, ಲಗ್ನ ಆಗ್ಲಿ, ಆಮ್ಯಾಲೆ ನೋಡೋಣು ಎಂದಿದ್ದ. ಲಗ್ನವಾಗಿ ಎರಡು ವರ್ಷ ಆಗಿತ್ತು.

"ನಾಲ್ಕನೇ ಸಲ ಹೇಳಾಕ ನನಗೂ ನಾಚಿಕಿ ಆತು," ಎಂದಳು ಗೌರಮ್ಮ.

ಭೀಮಪ್ಪ ನೆಲದ ಮೇಲೆ, ಮಂಚದ ಕಾಲಿಗೆ ಒರಗಿ ಕುಳಿತ. ತಂದೆ ಸತ್ತಾಗಲೂ ಜನರೆದುರು ಅಳದವನು ಅಂದು ಹೆಂಡತಿಯ ಎದುರು ಅತ್ತ. ಗೌರಮ್ಮ ಸಮಾಧಾನ ಮಾಡಲಿಲ್ಲ, ಎದ್ದುಹೋಗಲೂ ಇಲ್ಲ.

ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಸಾಹೇಬರ ಕೈಕಾಲು ಹಿಡಿದು ಆ ದಿನಗಳಿಗೆ ಪಾಳಿ ಬದಲಿಸಿಕೊಂಡ ಭೀಮಪ್ಪ ಅವಳ ಪಕ್ಕದ ಸ್ಟೂಲಿನ ಮೇಲೆ ನಾಲ್ಕು ತಾಸು ಕೂರುತ್ತಿದ್ದ. ಆ ವಾರ್ಡಿನಲ್ಲಿ ಹನ್ನೊಂದು ಮಂಚ. ಗಂಡಸರ ಮಂಚದ ಬಳಿ ಹೆಂಡತಿ, ಕೈಯಲ್ಲಿ ಟಿಫಿನ್ ಡಬ್ಬಿ. ಹೆಂಗಸರ ಮಂಚದ ಬಳಿ ಅಕ್ಕನೋ ತಾಯಿಯೋ ಇರುತ್ತಿದ್ದರು, ಕೆಲವರ ಬಳಿ ಯಾರೂ ಇಲ್ಲ. ಒಬ್ಬಾಕೆ ಬಸ್ಸಿನಲ್ಲಿ ಒಬ್ಬಳೇ ಬಂದು ಒಬ್ಬಳೇ ಹೋಗುತ್ತಿದ್ದಳು. ಸಂಜೆಯ ಅಡುಗೆಗೆ ಮನೆ ಮುಟ್ಟಬೇಕಂತೆ. ಗೌರಮ್ಮ ಹೇಳಿದ್ದಕ್ಕೆ ಭೀಮಪ್ಪ ಆಕೆಯ ಚೀಲ ಹಿಡಿದು ಬಸ್ ಹತ್ತಿಸಿ ಬರತೊಡಗಿದ.

ಅಡುಗೆಯನ್ನು ಅವನೇ ಕಲಿತ. ಆಲೂಗಡ್ಡೆ ಹೆಚ್ಚಿ ತಾಸುಗಟ್ಟಲೆ ನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ ಬೇಯಿಸಬೇಕು. ಉಪ್ಪು ಚಿಟಿಕೆಯಷ್ಟೇ, ಈಗ ಅವನಿಗೂ ಅದೇ ಪಥ್ಯ. ಅವನ ರೊಟ್ಟಿ ಮೊದಮೊದಲು ಹರಕು ನಕಾಶೆಯಂತೆ ಬರುತ್ತಿತ್ತು. ಗೌರಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, "ಹಿಟ್ಟಿಗೆ ಬಿಸಿನೀರು ಹಾಕ್ರಿ, ಎಂಜಿನ್ ಬಡಿದಂಗ ಬಡೀಬ್ಯಾಡ್ರಿ," ಎಂದು ಬಯ್ಯುತ್ತಿದ್ದಳು.

ಯಶಸ್ವಿನಿ ಹೆರಿಗೆಗೆ ನಾಗಪುರಕ್ಕೇ ಬಂದಳು. ತವರಿನಲ್ಲಿ ಬಾಣಂತನ ಮಾಡುವವರು ಯಾರು ಎಂದು ಬೀಗರು ಅನುಮಾನಿಸಿದ್ದರು. ಗೌರಮ್ಮ ಕುಳಿತಲ್ಲಿಂದ ಹೇಳಿದಳು, ಭೀಮಪ್ಪ ಮಾಡಿದ. ಎಣ್ಣೆ ಕಾಯಿಸಿದ, ನೀರು ಕಾಸಿದ, ಮೆಂತ್ಯೆ ಹುರಿದ. ಕೂಸಿಗೆ ಎರೆಯಲು ಬೃಂದಾ ಬಂದು ಹದಿನೈದು ದಿನ ನಿಂತಳು.

ಆ ಹದಿನೈದು ದಿನದಲ್ಲಿ ಬೃಂದಾ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆ ಹಿಡಿಯುವುದನ್ನು ಭೀಮಪ್ಪ ನೋಡಿದ. ತಮ್ಮನಿಗೆ ಫೋನ್ ಹಚ್ಚಿದ.

"ಬೃಂದಾನ್ನ ತೋರ್ಸಿದ್ದಿ ಯಾವಾಗ?"

"ಆಕಿಗೇನಾಗೇತಣ್ಣಾ? ಗಟ್ಟಿ ಅದಾಳ."

"ನಾಳೆ ರಜಾ ಹಾಕಿ ಬಾ."

ಡಾಕ್ಟರಬಾಯಿ ಫೈಲು ತೆರೆದು, ಕಿಡ್ನಿ ಕೊಟ್ಟವರು ವರ್ಷಕ್ಕೊಮ್ಮೆ ಪರೀಕ್ಷೆಗೆ ಬರಬೇಕಲ್ಲ, ಕೊನೆಗೆ ಬಂದದ್ದು ಯಾವಾಗ ಎಂದು ಕೇಳಿದರು. ಆಪರೇಷನ್ನಿನ ಹೊಲಿಗೆ ಬಿಚ್ಚಿದ ದಿನ ಎಂದಳು ಬೃಂದಾ. ಶಿವಪ್ರಸಾದ್ ಪ್ರತಿ ಮೂರು ತಿಂಗಳಿಗೂ ಬಂದ ಗುರುತು ಅವನ ಫೈಲಿನಲ್ಲಿತ್ತು. ಅವನು ತನ್ನ ಬೂಟಿನ ಕಡೆ ನೋಡುತ್ತಾ ನಿಂತ. ಬೃಂದಾಳಿಗೆ ರಕ್ತ ಬಹಳ ಕಡಿಮೆಯಾಗಿದೆ, ಕಿಡ್ನಿ ಸದ್ಯ ಚೆನ್ನಾಗಿದೆ ಎಂದು ತಿಳಿಯಿತು. ಔಷಧಿಯ ಚೀಟಿಯನ್ನು ಶಿವಪ್ರಸಾದನೇ ಇಸಿದುಕೊಂಡ.

ಗೌರಮ್ಮನ ಹೆಸರು ಸರದಿ ಪಟ್ಟಿಯಲ್ಲಿ ಬಿದ್ದು ಎರಡನೇ ವರ್ಷ ನಡೆದಿದೆ. ಕಳೆದ ಆಷಾಢದಲ್ಲಿ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು, ಒಂದು ಕಿಡ್ನಿ ಸಿಕ್ಕಿದೆ, ಏನೂ ತಿನ್ನಿಸದೆ ಕರೆತನ್ನಿ ಎಂದು. ಇಬ್ಬರೂ ಓಡಿದರು. ಐದು ತಾಸು ಕಾಯಿಸಿ, ಆ ಕಿಡ್ನಿ ಬೇರೆಯವರಿಗೆ ಹೆಚ್ಚು ಹೊಂದುತ್ತದೆ ಎಂದು ಹೇಳಿ ಕಳಿಸಿದರು.

ಆಟೋದಲ್ಲಿ ಗೌರಮ್ಮ ಕೇಳಿದಳು, "ಯಾರಿಗೆ ಹಾಕ್ತಾರಂತ?"

"ಯಾರೋ ಯವತಮಾಳದ ಹೆಣ್ಮಗಳಿಗಂತ. ಸಣ್ಣ ವಯಸ್ಸಂತ."

"ಚಲೋ ಆತು," ಎಂದಳು. ಆಟೋ ಮನೀಶ್ ನಗರದ ಕಡೆ ತಿರುಗಿದಾಗ, "ಹಸಿವಾಗೇತ್ರಿ," ಎಂದಳು.

ಮನೆಗೆ ಬಂದು ಭೀಮಪ್ಪ ಅನ್ನಕ್ಕೆ ಇಟ್ಟ. ಮರುದಿನ ಗುರುವಾರ, ಡಯಾಲಿಸಿಸ್ ಇತ್ತು.